ಸೊಂಟದ ಕೀಲಿನ ಕೇಂದ್ರ ಹುಡುಕುವುದು: ಯಾರ ಮೈಗೆ ಯಾವ ವಿಧಾನ ಸರಿ

ನಡಿಗೆ ಅಳೆಯಬೇಕು ಅಂತ ಹೊರಟವರು ಮೊದಲು ಕೇಳುವುದು ಕ್ಯಾಮೆರಾ ಯಾವುದು ತಗೊಳ್ಳಲಿ ಅಂತ. ಎಂಜಿನಿಯರಿಂಗ್ ಪ್ರಾಜೆಕ್ಟ್ ಮಾಡುವವರೂ ಅಷ್ಟೇ, ಫಿಸಿಯೋಥೆರಪಿ ಥೀಸಿಸ್ ಮಾಡುವವರೂ ಅಷ್ಟೇ. ಕ್ಯಾಮೆರಾ ಆಮೇಲೆ ನೋಡೋಣ. ಸೊಂಟದ ಕೀಲಿನ ಕೇಂದ್ರ, ಅಂದರೆ ತೊಡೆಮೂಳೆ ಯಾವ ಬಿಂದುವಿನ ಸುತ್ತ ತಿರುಗುತ್ತದೋ ಅದು, ಎಲ್ಲಿದೆ ಅಂತ ಹೇಗೆ ಹುಡುಕುತ್ತೀರಿ, ಅದನ್ನು ಮೊದಲು ಹೇಳಿ.

ಕ್ಯಾಮೆರಾ ಎಷ್ಟೇ ದುಬಾರಿಯಾದರೂ ಅದು ನೋಡುವುದು ಚರ್ಮದ ಮೇಲೆ ಅಂಟಿಸಿದ ಮಾರ್ಕರನ್ನು, ಅಂದರೆ ಹೊಳೆಯುವ ಸಣ್ಣ ಗುಂಡನ್ನು ಮಾತ್ರ. ಒಳ್ಳೆಯ ಸಿಸ್ಟಮ್ ಆದರೆ ಮಾರ್ಕರಿನ ಜಾಗವನ್ನು ಒಂದು ಮಿಲಿಮೀಟರಿನ ಒಳಗೆ ಹೇಳುತ್ತದೆ. ಆದರೆ ತೊಡೆಮೂಳೆಯ ಗುಂಡನೆ ತಲೆ ಕೂತಿರುವುದು ಮಾಂಸದ ಆಳದಲ್ಲಿ. ಮಂಡಿಯಲ್ಲಿ ಎರಡೂ ಬದಿಯ ಮೂಳೆ ಕೈಗೆ ಸಿಗುತ್ತದೆ, ಪಾದದ ಗಂಟಿನಲ್ಲಿ ಇನ್ನೂ ಸಲೀಸು, ನಡುವಿನ ಬಿಂದು ತಗೊಂಡರೆ ಕೆಲಸ ನಡೆಯುತ್ತದೆ. ಸೊಂಟದಲ್ಲಿ ಆ ಅನುಕೂಲ ಇಲ್ಲ. ಎಲ್ಲ ಗೊಂದಲವೂ ಅಲ್ಲೇ ಶುರುವಾಗುವುದರಿಂದ ಈ ಬರಹದ ಬಹುಪಾಲು ಸೊಂಟದ ಬಗ್ಗೆಯೇ.

ಕೇಂದ್ರ 20 ಮಿಲಿಮೀಟರ್ ತಪ್ಪಿದರೆ ಏನು ಮಹಾ ಅನ್ನಿಸಬಹುದು. ಒಂದು ಕಚ್ಚಾ ಲೆಕ್ಕ ಹಾಕಿ. 60 ಕೆಜಿ ಮನುಷ್ಯ ಒಂದು ಕಾಲಿನ ಮೇಲೆ ಭಾರ ಹಾಕಿದಾಗ ನೆಲ ಸುಮಾರು 600 ನ್ಯೂಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ಕೇಂದ್ರ 20 ಮಿಲಿಮೀಟರ್ ಮುಂದಕ್ಕೋ ಹಿಂದಕ್ಕೋ ಸರಿದರೆ ಮೊಮೆಂಟ್, ಅಂದರೆ ಕೀಲನ್ನು ತಿರುಗಿಸುವ ಬಲದ ಪರಿಣಾಮ, 12 ನ್ಯೂಟನ್ ಮೀಟರ್ ಬದಲಾಗುತ್ತದೆ. ಅಷ್ಟು ತೂಕದವರು ಸಾಧಾರಣವಾಗಿ ನಡೆಯುವಾಗ ಸೊಂಟದ ಮೊಮೆಂಟ್ ಜಾಸ್ತಿ ಅಂದರೆ 50-60ರ ಆಸುಪಾಸು ಹೋಗುತ್ತದೆ. ಐದರಲ್ಲಿ ಒಂದು ಪಾಲು ಸುಳ್ಳು ಅಂತಾಯಿತು. ಕೋನದಲ್ಲೂ ಹಾಗೇ: ತೊಡೆ 400 ಮಿಲಿಮೀಟರ್ ಇದ್ದರೆ ಈ ತಪ್ಪಿಗೆ ಸುಮಾರು 3 ಡಿಗ್ರಿ ವಾಲುತ್ತದೆ, ಅದು ಸೊಂಟಕ್ಕೂ ಸೇರುತ್ತದೆ, ಮಂಡಿಗೂ ಸೇರುತ್ತದೆ. 2000ದಲ್ಲಿ ಸ್ಟಾಗ್ನಿ ಮತ್ತು ಅವರ ಜೊತೆಗಾರರು ಕೇಂದ್ರವನ್ನು ಬೇಕಂತಲೇ 30 ಮಿಲಿಮೀಟರ್ ಮುಂದಕ್ಕೆ ಸರಿಸಿ ಲೆಕ್ಕ ಹಾಕಿದ್ದರು. ಸೊಂಟ ಮಡಿಸಿ ಚಾಚುವ ಮೊಮೆಂಟಿನಲ್ಲಿ ಸರಾಸರಿ 22% ತಪ್ಪು ಕಂಡಿತು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ತಪ್ಪು ಫಿಲ್ಟರ್ ಹಾಕಿದರೆ ಹೋಗುವಂಥದ್ದಲ್ಲ. ನಡಿಗೆಗೆ ಸಾಮಾನ್ಯವಾಗಿ ಬಳಸುವ 6 ಹರ್ಟ್ಸ್ ಬಟರ್‌ವರ್ತ್ ಫಿಲ್ಟರ್ ಕ್ಯಾಮೆರಾದ ನಡುಕವನ್ನು ಒರೆಸುತ್ತದೆ, ಅಷ್ಟೇ. ಚರ್ಮ ಜಾರುವುದು ಹೆಜ್ಜೆಯ ಲಯದಲ್ಲೇ ಆದ್ದರಿಂದ ಫಿಲ್ಟರ್ ಅದನ್ನು ನಿಜವಾದ ಚಲನೆ ಅಂತಲೇ ಬಿಟ್ಟುಬಿಡುತ್ತದೆ. ಕೇಂದ್ರವನ್ನೇ ತಪ್ಪು ಜಾಗದಲ್ಲಿ ಇಟ್ಟಿದ್ದರೆ ಹತ್ತು ಸಲ ನಡೆಸಿ ಸರಾಸರಿ ತೆಗೆದರೂ ಪ್ರಯೋಜನವಿಲ್ಲ. ಹತ್ತೂ ಸಲ ಒಂದೇ ದಿಕ್ಕಿಗೆ ತಪ್ಪಿರುತ್ತದೆ. ಗ್ರಾಫ್ ಮಾತ್ರ ಬಹಳ ಚೆನ್ನಾಗಿ ಕಾಣುತ್ತದೆ!

ಸೂತ್ರದಿಂದ ಊಹಿಸುವುದು

ಎಲ್ಲಕ್ಕಿಂತ ಸುಲಭದ ದಾರಿ ಇದು. ಸೊಂಟದ ಮುಂದೆ ಎರಡು ಬದಿಯಲ್ಲಿ ಕೈಗೆ ಸಿಗುವ ಮೂಳೆಯ ತುದಿಗಳು, ಅಂದರೆ ಎಎಸ್‌ಐಎಸ್, ಮತ್ತು ಹಿಂದೆ ಗುಳಿ ಬೀಳುವ ಜಾಗದ ಪಿಎಸ್‌ಐಎಸ್, ಇವುಗಳಿಂದ ಪೆಲ್ವಿಸ್‌ನ, ಅಂದರೆ ಸೊಂಟದ ಮೂಳೆಗೂಡಿನ, ಅಗಲ (ಎರಡು ಎಎಸ್‌ಐಎಸ್‌ಗಳ ನಡುವಿನ ದೂರ) ಮತ್ತು ಆಳ (ಮುಂದಿನಿಂದ ಹಿಂದಕ್ಕೆ ಇರುವ ದೂರ) ಸಿಗುತ್ತದೆ. ಅದನ್ನು ಒಂದು ಸಮೀಕರಣಕ್ಕೆ ಹಾಕಿದರೆ ಕೇಂದ್ರ ಬರುತ್ತದೆ. ಯಾವ ಸಮೀಕರಣ ಅನ್ನುವುದೇ ಪ್ರಶ್ನೆ.

ಬೆಲ್ ಅನ್ನುವ ಸಂಶೋಧಕರ ಸೂತ್ರ ಪೂರ್ತಿ ಅಗಲದ ಶೇಕಡಾವಾರು. ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ ಬರುವ ರೂಪದಲ್ಲಿ, ಎರಡು ಎಎಸ್‌ಐಎಸ್‌ಗಳ ನಡುವಿನ ಬಿಂದುವಿನಿಂದ ಬದಿಗೆ 36%, ಹಿಂದಕ್ಕೆ 19%, ಕೆಳಕ್ಕೆ 30%. ಡೇವಿಸ್ ಅವರ 1991ರ ಸೂತ್ರ ಕಾಲಿನ ಉದ್ದವನ್ನೂ ಕೇಳುತ್ತದೆ. ಹಳೆಯ ಕ್ಲಿನಿಕಲ್ ಮಾಡೆಲ್‌ಗಳಲ್ಲಿ ಇವತ್ತಿಗೂ ಅದೇ ಕೂತಿದೆ. ಹ್ಯಾರಿಂಗ್ಟನ್ ಮತ್ತು ಜೊತೆಗಾರರ 2007ರ ಸೂತ್ರ ಬಂದದ್ದು ಎಂಆರ್‌ಐ ಚಿತ್ರಗಳಿಂದ. ದೊಡ್ಡವರು, ಮಕ್ಕಳು, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಸರಿಯಾಗಿ ಆಡದಿರುವುದು) ಇರುವ ಮಕ್ಕಳು, ಮೂರೂ ಬಗೆಯವರು ಅದರಲ್ಲಿದ್ದರು. ಅದು ಹೀಗಿದೆ: ಹಿಂದಕ್ಕೆ ಆಳದ 0.24 ಪಟ್ಟು ಮತ್ತು 9.9 ಮಿಲಿಮೀಟರ್, ಕೆಳಕ್ಕೆ ಅಗಲದ 0.30 ಪಟ್ಟು ಮತ್ತು 10.9, ಬದಿಗೆ ಅಗಲದ 0.33 ಪಟ್ಟು ಮತ್ತು 7.3.

ಅಗಲ 240, ಆಳ 150 ಮಿಲಿಮೀಟರ್ ಇರುವ ಒಬ್ಬರನ್ನು ತಗೊಳ್ಳಿ. ಹ್ಯಾರಿಂಗ್ಟನ್ ಪ್ರಕಾರ ಹಿಂದಕ್ಕೆ 45.9, ಕೆಳಕ್ಕೆ 82.9, ಬದಿಗೆ 86.5. ಬೆಲ್ ಪ್ರಕಾರ ಹಿಂದಕ್ಕೆ 45.6, ಕೆಳಕ್ಕೆ 72, ಬದಿಗೆ 86.4. ಸಣ್ಣ ಮೈಯವರಲ್ಲಿ ಎರಡೂ ಹತ್ತಿರ ಹತ್ತಿರ ಬಂದು, ಎತ್ತರದಲ್ಲಿ ಮಾತ್ರ ಒಂದು ಸೆಂಟಿಮೀಟರ್ ಬೇರೆ ಆಗುತ್ತವೆ.

ಈಗ ಹೊಟ್ಟೆ ಇರುವವರ ವಿಷಯಕ್ಕೆ ಬರೋಣ. ನಮ್ಮ ಕಡೆ ಮಂಡಿನೋವು ಅಂತ ಬರುವ ನಡುವಯಸ್ಸಿನವರಲ್ಲಿ ಇದೇ ಜಾಸ್ತಿ ಅಲ್ವಾ. ಮಾರ್ಕರ್ ಮೂಳೆಯ ಮೇಲೆ ಕೂರುವುದಿಲ್ಲ, ಕೊಬ್ಬಿನ ಮೇಲೆ ಕೂರುತ್ತದೆ. ಅದು 20 ಮಿಲಿಮೀಟರ್ ಮುಂದಿದೆ ಅನ್ನಿ. ಬೆಲ್ ಸೂತ್ರ ಆಳವನ್ನು ಕೇಳುವುದೇ ಇಲ್ಲ, ಹಾಗಾಗಿ ಕೇಂದ್ರ ಪೂರ್ತಿ 20 ಮಿಲಿಮೀಟರ್ ಮುಂದಕ್ಕೆ ಹೋಗುತ್ತದೆ. ಹ್ಯಾರಿಂಗ್ಟನ್‌ನಲ್ಲಿ ಆಳ 170 ಆಗುವುದರಿಂದ ಸೂತ್ರ ತಾನೇ ಸ್ವಲ್ಪ ಹಿಂದಕ್ಕೆ ಎಳೆಯುತ್ತದೆ, ಕೊನೆಗೆ 15 ಮಿಲಿಮೀಟರ್ ತಪ್ಪು ಉಳಿಯುತ್ತದೆ. ಹಾಗಾಗಿ ಎರಡರಲ್ಲಿ ಒಂದು ಅಂದರೆ ನಾನು ಹ್ಯಾರಿಂಗ್ಟನ್ ಕಡೆಗೇ. ಆದರೆ ಸೂತ್ರ ಬದಲಿಸಿದ್ದರಿಂದ ಸಿಕ್ಕ ಲಾಭ ಬರೀ 5 ಮಿಲಿಮೀಟರ್ ಅನ್ನುವುದೂ ಗಮನಕ್ಕೆ ಇರಲಿ. ಉಳಿದ 15 ಹೋಗಬೇಕಾದರೆ ಅಳತೆಯನ್ನೇ ಸರಿಮಾಡಬೇಕು.

ಅದಕ್ಕೆ ದಾರಿ ಇದೆ. ಅವರನ್ನು ಮಲಗಿಸಿ, ಹೊಟ್ಟೆಯ ಭಾಗ ಸರಿಸಿ, ಮೂಳೆಯ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಕ್ಯಾಲಿಪರ್‌ನಿಂದ ಅಗಲ ಅಳೆಯಿರಿ. ಸಾಫ್ಟ್‌ವೇರ್‌ಗೆ ಮಾರ್ಕರಿನ ಅಗಲದ ಬದಲು ಈ ಅಗಲ ಕೊಡಿ. ಇದರಿಂದ ಅಗಲದ ತಪ್ಪು ಮಾತ್ರ ಹೋಗುತ್ತದೆ, ಮುಂದಕ್ಕೆ ಸರಿದದ್ದು ಹಾಗೇ ಇರುತ್ತದೆ. ಅದೂ ಹೋಗಬೇಕಾದರೆ, ತುದಿಯ ಜಾಗ ಗೊತ್ತಿರುವ ಮಾರ್ಕರ್ ಇರುವ ಕಡ್ಡಿಯೊಂದನ್ನು ಮೂಳೆಗೆ ತಾಗಿಸಿ ಆ ಬಿಂದುವನ್ನು ರೆಕಾರ್ಡ್ ಮಾಡುವುದು. 1995ರಲ್ಲಿ ಕಪೊಝೊ ಮತ್ತು ಜೊತೆಗಾರರು ಕ್ಯಾಸ್ಟ್ ಅಂತ ಇದನ್ನು ಪರಿಚಯಿಸಿದರು. ಟೈಲ್‌ಬೋನ್ ಮೇಲಿನ ಚಪ್ಪಟೆ ಭಾಗದಲ್ಲಿ ಮೂರು ಮಾರ್ಕರಿನ ಸಣ್ಣ ಪ್ಲೇಟ್ ಕಟ್ಟಿ, ಎಎಸ್‌ಐಎಸ್ ಅದಕ್ಕೆ ಹೋಲಿಸಿದರೆ ಎಲ್ಲಿದೆ ಅಂತ ಉಳಿಸಿಕೊಂಡರೆ ಸಾಕು. ಆಮೇಲೆ ಮುಂದಿನ ಮಾರ್ಕರ್ ಬಿದ್ದರೂ ಚಿಂತೆಯಿಲ್ಲ, ಕುಕ್ಕರಗಾಲಲ್ಲಿ ಕೂತಾಗ ಹೊಟ್ಟೆ ತೊಡೆಯ ಮಧ್ಯೆ ಮುಚ್ಚಿಹೋದರೂ ಚಿಂತೆಯಿಲ್ಲ.

ಮಾರ್ಕರಿನ ದಪ್ಪವನ್ನೂ ಕಳೆಯಿರಿ. 14 ಮಿಲಿಮೀಟರ್ ಮಾರ್ಕರಿನ ನಡುಬಿಂದು ಚರ್ಮದಿಂದ 7 ಮಿಲಿಮೀಟರ್ ಹೊರಗಿರುತ್ತದೆ, ಕೆಳಗೆ ಬೇಸ್ ಇದ್ದರೆ ಇನ್ನೂ ಜಾಸ್ತಿ.

ಸೂತ್ರಕ್ಕಿಂತ ಹೆಚ್ಚು ತೊಂದರೆ ಕೊಡುವುದು ಅಕ್ಷ. ಅಕ್ಷ ಅಂದರೆ ಮುಂದೆ, ಮೇಲೆ, ಬದಿಗೆ ಅನ್ನುವುದು ಯಾವ ದಿಕ್ಕು ಅಂತ ತೋರಿಸುವ ಗೆರೆ. ಒಂದೊಂದು ಸೂತ್ರ ಒಂದೊಂದು ರೀತಿ ಪೆಲ್ವಿಸ್‌ನ ಅಕ್ಷ ಹಾಕಿಕೊಂಡಿರುತ್ತದೆ. ನೆಟ್‌ನಿಂದ ಸಿಕ್ಕ ಕೋಡಿಗೆ ಹ್ಯಾರಿಂಗ್ಟನ್ ಸಂಖ್ಯೆಗಳನ್ನು ತುರುಕಿ, ಅಕ್ಷ ಮಾತ್ರ ಬೇರೆ ಇಟ್ಟರೆ, 10 ಡಿಗ್ರಿ ವಾಲಿಗೆ ಕೇಂದ್ರ 14 ಮಿಲಿಮೀಟರ್ ಹಿಂದೆ ಮುಂದೆ ಆಗುತ್ತದೆ. ಪಿಎಸ್‌ಐಎಸ್ ಮಾರ್ಕರ್ ಒಂದಿಷ್ಟು ಮೇಲೆ ಅಂಟಿಸಿದರೂ ಪರಿಣಾಮ ಇದೇ ಥರ. ಹಿಂದಿನ ಮಾರ್ಕರನ್ನು ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ, ಅಲ್ಲೇ ಎಡವಟ್ಟು.

ಕಾಲಾಡಿಸಿ ಹುಡುಕುವುದು

ಸೊಂಟದ ಕೀಲು ಗುಂಡು ಮತ್ತು ಬಟ್ಟಲಿನ ಕೀಲು. ಹಾಗಾಗಿ ತೊಡೆಯ ಮೇಲಿನ ಯಾವ ಬಿಂದುವೂ ಕೇಂದ್ರದಿಂದ ಒಂದೇ ದೂರದಲ್ಲಿ ತಿರುಗಬೇಕು. ಗೂಟಕ್ಕೆ ಕಟ್ಟಿದ ಹಸು ಮೇಯ್ದ ಜಾಗ ನೋಡಿದರೆ ಗೂಟ ಎಲ್ಲಿತ್ತು ಅಂತ ಗೊತ್ತಾಗುತ್ತದಲ್ಲ, ಹಾಗೆ. ಆದರೆ ಹಸು ಒಂದು ಮೂಲೆಯಲ್ಲಷ್ಟೇ ಮೇಯ್ದಿದ್ದರೆ ಗೂಟ ಹತ್ತಿರ ಇತ್ತೋ ದೂರ ಇತ್ತೋ ಹೇಳುವುದು ಕಷ್ಟ. ಈ ವಿಧಾನದ ಬಲವೂ ದೌರ್ಬಲ್ಯವೂ ಅಷ್ಟರಲ್ಲೇ ಇದೆ.

ಮಾಡುವುದು ಹೀಗೆ. ನಿಂತು, ಬೇಕಿದ್ದರೆ ಒಂದು ಕೈಯಲ್ಲಿ ಕುರ್ಚಿ ಹಿಡಿದು, ಕಾಲನ್ನು ಮುಂದೆ, ಓರೆಗೆ, ಬದಿಗೆ, ಹಿಂದೆ ಆಡಿಸಿ, ಕೊನೆಗೆ ಒಂದು ಅರ್ಧ ಸುತ್ತು ತಿರುಗಿಸುವುದು. ಕಮೊಮಿಲ್ಲಾ ಮತ್ತು ಜೊತೆಗಾರರು 2006ರಲ್ಲಿ ಸ್ಟಾರ್-ಆರ್ಕ್ ಅಂತ ಹೆಸರಿಟ್ಟು ಇದನ್ನೇ ಸೂಚಿಸಿದರು. ಎಷ್ಟು ಅಗಲಕ್ಕೆ ಆಡಿಸಿದರೆ ಅಷ್ಟು ಒಳ್ಳೆಯದು. 30 ಡಿಗ್ರಿಗಿಂತ ಕಡಿಮೆ ಆಡಿಸುವವರಲ್ಲಿ ನಾನು ಇದರ ಉತ್ತರವನ್ನು ನಂಬುವುದಿಲ್ಲ. ಜೋರಾಗಿ ಬೀಸುವುದೂ ಬೇಡ, ಮಾಂಸ ಅಲುಗಾಡಿ ಲೆಕ್ಕ ಕೆಡುತ್ತದೆ. ಮಂಡಿ ಮಡಿಸದಂತೆ ಹೇಳಿ. ಮಾರ್ಕರನ್ನು ತೊಡೆಯ ಮೇಲ್ಭಾಗದಲ್ಲಿ ಅಂಟಿಸಬೇಡಿ, ಕೆಳಗೆ ಮಂಡಿಯ ಕಡೆಗೆ ಹೊರಬದಿಗೆ ಹಾಕಿ. ತೊಡೆಯ ಮಾರ್ಕರ್‌ಗಳು ಮೂಳೆಗೆ ಹೋಲಿಸಿದರೆ ಸೆಂಟಿಮೀಟರುಗಟ್ಟಲೆ ಜಾರುತ್ತವೆ ಅನ್ನುವುದು ಹಳೆಯ ವಿಷಯ.

ಲೆಕ್ಕಕ್ಕೆ ಎರಡು ದಾರಿ ಜನ ಬಳಸುತ್ತಾರೆ. ಒಂದು ಗೋಳ ಹೊಂದಿಸುವುದು, ಅಂದರೆ ಪೆಲ್ವಿಸ್ ನಿಂತಲ್ಲೇ ಇದೆ ಅಂತ ಇಟ್ಟುಕೊಂಡು ತೊಡೆಯ ಮಾರ್ಕರ್‌ಗಳಿಗೆ ಗೋಳ ಹಾಕುವುದು. ಇನ್ನೊಂದು ಸ್ಕೋರ್ ಅನ್ನುವ ವಿಧಾನ, 2006ರಲ್ಲಿ ಎಹ್ರಿಗ್ ಮತ್ತು ಜೊತೆಗಾರರದ್ದು. ಇದು ಪೆಲ್ವಿಸ್ ಮತ್ತು ತೊಡೆ ಎರಡನ್ನೂ ಸಮವಾಗಿ ನೋಡಿ ಎರಡಕ್ಕೂ ಸಾಮಾನ್ಯವಾದ ಬಿಂದು ಹುಡುಕುತ್ತದೆ. ಪ್ರತಿ ಭಾಗದಲ್ಲೂ ಕಡಿಮೆ ಅಂದರೆ ಮೂರು ಮಾರ್ಕರ್ ಬೇಕು. ಸೊಂಟಕ್ಕೆ ನಾನು ಮೊದಲು ಜ್ಯಾಮಿತಿಯ ಗೋಳವನ್ನೇ ಹಾಕಿ ನೋಡುತ್ತೇನೆ. ಒಂದು ಎಚ್ಚರಿಕೆ: ಒಂದೇ ಹೆಜ್ಜೆಯಲ್ಲಿ ಮುಗಿಯುವ ಲೀಸ್ಟ್ ಸ್ಕ್ವೇರ್ಸ್ ಕೋಡ್ ಬರೆಯುವುದು ಸುಲಭ, ಆದರೆ ಚಲನೆ ಕಡಿಮೆ ಇದ್ದು ಅಳತೆಯ ನಡುಕ ಜಾಸ್ತಿ ಇದ್ದರೆ ಅದು ಕೇಂದ್ರವನ್ನು ಮಾರ್ಕರ್‌ಗಳ ಕಡೆಗೆ ಎಳೆದುಬಿಡುತ್ತದೆ. ಗಮೇಜ್ ಮತ್ತು ಲೇಸೆನ್ಬಿ 2002ರಲ್ಲಿ ಕೊಟ್ಟ ಸೂತ್ರಕ್ಕೆ ಹಾಲ್ವರ್ಸೆನ್ 2003ರಲ್ಲಿ ತಿದ್ದುಪಡಿ ಸೇರಿಸಿದ್ದು ಈ ಎಳೆತ ಹೋಗಲಿ ಅಂತಲೇ. ಹಾಗೇ ಬಿಡಬೇಡಿ, ತಿದ್ದುಪಡಿ ಇರುವ ರೂಪ ಹಾಕಿ.

ಯಾವುದನ್ನು ಯಾರಿಗೆ? 2015ರಲ್ಲಿ ಕೈನ್ಜ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ ಹೇಳಿದ್ದು ಸರಳವಾಗಿದೆ. ಕಾಲು ಚೆನ್ನಾಗಿ ಆಡುವವರಿಗೆ ಗೋಳ ಹೊಂದಿಸುವ ವಿಧಾನ, ಆಡದವರಿಗೆ ಹ್ಯಾರಿಂಗ್ಟನ್ ಸೂತ್ರ. ನನಗೂ ಇದೇ ಸರಿ ಅನ್ನಿಸುತ್ತದೆ. ಓಟಗಾರ ಹುಡುಗ, ಕಬಡ್ಡಿ ಆಡುವವರು, ನಡುವಯಸ್ಸಿನ ಆರೋಗ್ಯವಂತರು ಇವರಿಗೆಲ್ಲ ಕಾಲಾಡಿಸುವುದು. ಸೆರೆಬ್ರಲ್ ಪಾಲ್ಸಿ ಮಕ್ಕಳು, ಸೊಂಟ ಸವೆದು ನೋವಿರುವ ಅಜ್ಜಂದಿರು, ಒಂಟಿ ಕಾಲಿನಲ್ಲಿ ನಿಲ್ಲಲಾರದವರು ಇವರಿಗೆ ಸೂತ್ರ. ನೋವಿನಲ್ಲಿ ಇರುವವರನ್ನು ಇನ್ನೊಂದು ಸಲ ಎತ್ತಿ, ಇನ್ನೂ ಸ್ವಲ್ಪ ಎತ್ತಿ ಅಂತ ಪೀಡಿಸಿ ತೆಗೆದ ಡೇಟಾ ಹೇಗೂ ಕೆಟ್ಟದ್ದೇ. ಅವರು ಸೊಂಟದ ಬದಲು ಬೆನ್ನನ್ನೇ ಬಾಗಿಸುತ್ತಾರೆ, ಪೆಲ್ವಿಸ್ ಕಾಲಿನ ಜೊತೆ ತಿರುಗುತ್ತದೆ.

ಒಳಗೆ ನೋಡಿಯೇ ತಿಳಿಯುವುದು

ಎಂಆರ್‌ಐ ಮಾಡಿಸಿದರೆ ಮೂಳೆಯ ತಲೆಗೆ ನೇರವಾಗಿ ಗೋಳ ಹೊಂದಿಸಬಹುದು. ಎಎಸ್‌ಐಎಸ್ ಮೇಲೆ ವಿಟಮಿನ್ ಇ ಮಾತ್ರೆ ಅಂಟಿಸಿಕೊಂಡು ಸ್ಕ್ಯಾನ್ ಮಾಡಿಸಿದರೆ ಅದು ಚಿತ್ರದಲ್ಲಿ ಕಾಣುತ್ತದೆ, ಮಾರ್ಕರ್‌ಗಳ ಜೊತೆ ತಾಳೆ ಹಾಕಬಹುದು. ಖರ್ಚು ಜಾಸ್ತಿ. ಶಸ್ತ್ರಚಿಕಿತ್ಸೆಗಾಗಿ ಹೇಗೂ ಸ್ಕ್ಯಾನ್ ಆಗಿದ್ದರೆ ಬಳಸಿಕೊಳ್ಳಿ, ಪ್ರಾಜೆಕ್ಟ್‌ಗೆ ಅಂತ ಮಾಡಿಸಬೇಡಿ. ಎಕ್ಸ್‌ರೇಗೂ ಅದೇ ಮಾತು, ಸುಮ್ನೆ ವಿಕಿರಣ ಯಾಕೆ.

ಅಲ್ಟ್ರಾಸೌಂಡ್ ಆಸೆ ಹುಟ್ಟಿಸುತ್ತದೆ. ಪ್ರೋಬ್‌ಗೆ ಮಾರ್ಕರ್ ಕಟ್ಟಿ ಮೂಳೆಯ ತಲೆಯನ್ನು ಕ್ಯಾಮೆರಾ ಸಿಸ್ಟಮ್‌ನಲ್ಲೇ ಗುರುತಿಸಬಹುದು, ಮೆಲ್ಬರ್ನ್‌ನ ಸಾಂಗೂ ಮತ್ತು ಜೊತೆಗಾರರು 2011ರಲ್ಲಿ ಬೇರೆ ಬೇರೆ ವಿಧಾನಗಳನ್ನು ಪರೀಕ್ಷಿಸಿದ್ದು ಹೀಗೆಯೇ. ಆದರೆ ನಮ್ಮಲ್ಲಿ ಅಲ್ಟ್ರಾಸೌಂಡ್ ಯಂತ್ರ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಅಡಿ ನೋಂದಣಿ ಆಗಿರಬೇಕು. ಪರಿಚಯದ ಡಾಕ್ಟರ ಪೋರ್ಟಬಲ್ ಯಂತ್ರವನ್ನು ಒಂದು ಮಧ್ಯಾಹ್ನಕ್ಕೆ ಅಂತ ಕಾಲೇಜಿನ ಲ್ಯಾಬಿಗೆ ತರುವ ಯೋಚನೆ ಇದ್ದರೆ ಬಿಟ್ಟುಬಿಡಿ. ನೋಂದಣಿ ಆದ ಕಡೆಗೇ ನಿಮ್ಮ ಕ್ಯಾಮೆರಾಗಳು ಹೋಗಬೇಕು.

ಫೋನ್ ಮತ್ತು ಸೆನ್ಸರ್

ಮಾರ್ಕರೇ ಬೇಡ, ಫೋನಿನ ವಿಡಿಯೋ ಸಾಕು ಅನ್ನುವವರು ಈಗ ಜಾಸ್ತಿ. ವಿಡಿಯೋದಲ್ಲಿ ಮೈಯ ಬಿಂದುಗಳನ್ನು ಗುರುತಿಸುವ ಮೀಡಿಯಾಪೈಪ್ ಅನ್ನುವ ಸಾಫ್ಟ್‌ವೇರ್ 33 ಬಿಂದುಗಳನ್ನು ಕೊಡುತ್ತದೆ, ಉಚಿತ. ಅದರಲ್ಲಿ ಸೊಂಟ ಅಂತ ಇರುವ ಬಿಂದು ಯಾವುದು ಅಂತ ಯೋಚಿಸಿದ್ದೀರಾ? ಇಂಥ ಮಾಡೆಲ್‌ಗಳು ಕಲಿಯುವುದು ಮನುಷ್ಯರು ಫೋಟೋ ನೋಡಿ ಸೊಂಟ ಇಲ್ಲಿರಬಹುದು ಅಂತ ಗುರುತು ಹಾಕಿದ ಚಿತ್ರಗಳಿಂದ. ಮೂಳೆಯನ್ನು ಯಾರೂ ನೋಡಿಲ್ಲ. ಮಂಡಿ ಎಷ್ಟು ಮಡಿಸಿದರು ಅಂತ ಸ್ಥೂಲವಾಗಿ ನೋಡಲು ಪರವಾಗಿಲ್ಲ, ಸೊಂಟದ ಮೊಮೆಂಟ್ ಲೆಕ್ಕಕ್ಕೆ ಬೇಡವೇ ಬೇಡ.

ಓಪನ್‌ಕ್ಯಾಪ್ ಬೇರೆ ಮಟ್ಟದ್ದು. ಸ್ಟ್ಯಾನ್‌ಫರ್ಡ್‌ನವರದ್ದು, 2023ರಲ್ಲಿ ಪ್ರಕಟವಾಯಿತು. ಎರಡು ಐಫೋನ್, ಎರಡು ಸ್ಟ್ಯಾಂಡ್, ಒಂದು ಚೌಕಳಿ ಹಾಳೆ ಇದ್ದರೆ ಶುರು ಮಾಡಬಹುದು. ವಿಡಿಯೋದ ಬಿಂದುಗಳಿಂದ ಅಂಗರಚನೆಯ ಮಾರ್ಕರ್‌ಗಳನ್ನು ಊಹಿಸಿ, ಆಮೇಲೆ ಅಸ್ಥಿಪಂಜರದ ಮಾಡೆಲ್‌ಗೆ ಹೊಂದಿಸುತ್ತದೆ. ಕೋನಗಳಲ್ಲಿ ಸರಾಸರಿ 4.5 ಡಿಗ್ರಿ ತಪ್ಪು ಅಂತ ಅವರೇ ವರದಿ ಮಾಡಿದ್ದಾರೆ. ಚಿಕಿತ್ಸೆಗೆ ಮೊದಲು ಮತ್ತು ಆಮೇಲೆ 10-15 ಡಿಗ್ರಿ ಬದಲಾವಣೆ ನಿರೀಕ್ಷೆ ಇದ್ದರೆ ಸಾಕಾಗುತ್ತದೆ. 3 ಡಿಗ್ರಿಯ ವ್ಯತ್ಯಾಸ ಹುಡುಕುವವರಿಗೆ ಅಲ್ಲ.

ನಮ್ಮ ಕಡೆ ಇನ್ನೊಂದು ಇದೆ, ಬಟ್ಟೆ. ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಕೆಲಸದ ಹೆಂಗಸರ ಚಲನೆ ಅಳೆಯಬೇಕು ಅಂದರೆ, ಸೀರೆ ಮೇಲೊಂದು ತುಂಬು ತೋಳಿನ ಶರ್ಟು, ಹಣ್ಣು ಕೊಯ್ಯುವಾಗ ಸೊಂಟಕ್ಕೆ ಕಟ್ಟಿದ ಚೀಲ. ವಿಡಿಯೋ ಮಾಡೆಲ್‌ಗೆ ಸೀರೆಯೊಳಗಿನ ಸೊಂಟ ಕಾಣುವುದಿಲ್ಲ, ಊಹಿಸುತ್ತದೆ. ಮಾರ್ಕರ್ ಅಂಟಿಸಲು ಬಿಗಿಯಾದ ಚಡ್ಡಿ ಬೇಕು, ಅದನ್ನು ಅವರಿಗೆ ಹೇಳುವುದಕ್ಕೂ ಒಂದು ರೀತಿ ಇದೆ. ಮುಟ್ಟಿ ನೋಡಿ ಮಾರ್ಕರ್ ಹಾಕುವವರು ಹೆಂಗಸೇ ಆಗಿರಲಿ, ಬಾಗಿಲು ಹಾಕಿದ ಕೋಣೆ ಇರಲಿ, ಲೆಗ್ಗಿಂಗ್ಸ್ ಆದರೂ ನಡೆಯುತ್ತದೆ. ಮುಜುಗರದಲ್ಲಿ ನಡೆದವರ ನಡಿಗೆ ಅವರ ನಡಿಗೆಯೇ ಅಲ್ಲ, ಅಲ್ಲಿ ಕೇಂದ್ರ ಸರಿಯಿದ್ದೂ ಏನು ಬಂತು.

ತೋಟದಲ್ಲೇ ಅಳೆಯಬೇಕು, ಗಿಡಗಳ ಮಧ್ಯೆ ಕ್ಯಾಮೆರಾಗೆ ಏನೂ ಕಾಣಲ್ಲ ಅಂದರೆ ಐಎಂಯು ಸೆನ್ಸರ್. ಬಟ್ಟೆಯ ಒಳಗೆ ಕಟ್ಟಬಹುದು. ಇದು ಜಾಗ ಹೇಳುವುದಿಲ್ಲ, ವೇಗೋತ್ಕರ್ಷ ಮತ್ತು ತಿರುಗುವ ವೇಗ ಮಾತ್ರ ಹೇಳುತ್ತದೆ. ಆದರೂ ಕೀಲು ಸೆನ್ಸರಿನಿಂದ ಎಲ್ಲಿದೆ ಅಂತ ಕಂಡುಹಿಡಿಯಬಹುದು: ಕೀಲು ಎರಡೂ ಭಾಗಕ್ಕೆ ಸೇರಿದ ಬಿಂದು, ಹಾಗಾಗಿ ಎರಡೂ ಸೆನ್ಸರ್‌ಗಳಿಂದ ಲೆಕ್ಕ ಹಾಕಿದ ಅದರ ವೇಗೋತ್ಕರ್ಷದ ಪ್ರಮಾಣ ಒಂದೇ ಬರಬೇಕು. ಜೀಲ್ ಮತ್ತು ಜೊತೆಗಾರರ ಉಪಾಯ ಇದು. ಚಲನೆ ವೈವಿಧ್ಯವಾಗಿರಬೇಕು, ಪಟ್ಟಿ ಜಾರಬಾರದು. ಕಬ್ಬಿಣದ ಸಾಮಾನು ಹತ್ತಿರ ಇದ್ದರೆ ದಿಕ್ಸೂಚಿಯ ಭಾಗ ಕೆಡುತ್ತದೆ.

ಹಾಕಿದ ಮೇಲೆ ನೋಡುವುದು

ಕೇಂದ್ರ ಸರಿಯಿದೆಯೋ ಇಲ್ಲವೋ ಸ್ಕ್ಯಾನ್ ಇಲ್ಲದೆ ಖಂಡಿತ ಹೇಳಲಾಗದು, ಆದರೆ ತಪ್ಪಿದ್ದರೆ ಸುಳಿವು ಸಿಗುತ್ತದೆ. ಎಡ ಬಲ ತೊಡೆಯ ಉದ್ದ ಹೋಲಿಸಿ. ಟೇಪಿನಲ್ಲಿ ಎರಡೂ ಕಾಲು ಸಮ ಇದ್ದು ಮಾಡೆಲ್‌ನಲ್ಲಿ 15 ಮಿಲಿಮೀಟರ್ ಬೇರೆ ಬಂದರೆ ಒಂದು ಕಡೆ ಹಾಳು. ಆಮೇಲೆ ನಡೆಯುವಾಗ ಸೊಂಟದ ಕೇಂದ್ರದಿಂದ ಮಂಡಿಯ ಕೇಂದ್ರಕ್ಕೆ ಇರುವ ದೂರವನ್ನು ಗ್ರಾಫ್ ಹಾಕಿ. ಮೂಳೆ ಉದ್ದ ಗಿಡ್ಡ ಆಗುವುದಿಲ್ಲವಲ್ಲ. ಅದು ಹೆಜ್ಜೆಯ ಜೊತೆ ಏರಿಳಿದರೆ ಚರ್ಮವೋ ಕೇಂದ್ರವೋ ಯಾವುದೋ ಜಾರುತ್ತಿದೆ.

ಓಪನ್‌ಸಿಮ್‌ನಂಥ ಸಾಫ್ಟ್‌ವೇರಿನಲ್ಲಿ ಇಡೀ ಅಸ್ಥಿಪಂಜರವನ್ನು ಮಾರ್ಕರ್‌ಗಳಿಗೆ ಒಟ್ಟಿಗೆ ಹೊಂದಿಸುವ ದಾರಿ ಇದೆ. 1999ರಲ್ಲಿ ಲು ಮತ್ತು ಓಕಾನರ್ ಇದನ್ನು ಮುಂದಿಟ್ಟರು. ಆಗ ಕೀಲು ಬಿಟ್ಟುಕೊಳ್ಳುವುದು ನಿಲ್ಲುತ್ತದೆ, ತೊಡೆಯ ಉದ್ದ ಸ್ಥಿರ ಆಗುತ್ತದೆ. ಒಳ್ಳೆಯದೇ. ಆದರೆ ಇದನ್ನು ಹಾಕಿದರೆ ಮೇಲಿನ ಗ್ರಾಫ್ ತಾನಾಗಿಯೇ ನೇರ ಗೆರೆ ಆಗಿಬಿಡುತ್ತದೆ, ಅಂದರೆ ಆ ಪರೀಕ್ಷೆಯೇ ಸತ್ತಂತೆ. ಕೇಂದ್ರ ತಪ್ಪು ಜಾಗದಲ್ಲಿದ್ದರೆ ಅದೇ ತಪ್ಪು ಜಾಗದಲ್ಲಿ ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ಮೊದಲು ಗ್ರಾಫ್, ಆಮೇಲೆ ಹೊಂದಿಸುವುದು.

ಮಂಡಿಯ ಬಗ್ಗೆ ಒಂದೇ ಮಾತು. ಅಲ್ಲಿ ಕೇಂದ್ರಕ್ಕಿಂತ ಅಕ್ಷ ತಪ್ಪುವುದು ಜಾಸ್ತಿ. ಕಾಲು ಗಾಳಿಯಲ್ಲಿ ಇರುವಾಗ ಮಂಡಿ ಒಳಕ್ಕೆ ಹೊರಕ್ಕೆ 15-20 ಡಿಗ್ರಿ ವಾಲಿದಂತೆ ತೋರಿಸಿ, ಆ ಗೆರೆ ಮಡಿಸುವ ಗೆರೆಯನ್ನೇ ಹೋಲುತ್ತಿದ್ದರೆ, ಅದು ರೋಗವಲ್ಲ, ಅಕ್ಷ ತಿರುಗಿದೆ. ಆ ವಾಲು ಕನಿಷ್ಠ ಆಗುವ ತನಕ ತೊಡೆಯ ಅಕ್ಷ ತಿರುಗಿಸುವ ತಿದ್ದುಪಡಿಯನ್ನು ಬೇಕರ್ ಮತ್ತು ಜೊತೆಗಾರರು 1999ರಲ್ಲೇ ಕೊಟ್ಟಿದ್ದಾರೆ. ಇಲ್ಲವಾದರೆ ಮಂಡಿಯನ್ನು ಕೆಲವು ಸಲ ಮಡಿಸಿ ಚಾಚಿಸಿ, ಸಾರಾ ಅನ್ನುವ ವಿಧಾನದಿಂದ ಅಕ್ಷ ತೆಗೆಯಿರಿ, ಸ್ಕೋರ್ ಮಾಡಿದವರದ್ದೇ ಅದು. ಪಾದದ ಗಂಟಿಗೆ ಎರಡು ಮೂಳೆಗಳ ನಡುಬಿಂದು ಸಾಕು.

ಒಬ್ಬರೇ ರೋಗಿಯನ್ನು ಈಗ ಒಮ್ಮೆ, ಆರು ತಿಂಗಳ ಮೇಲೆ ಇನ್ನೊಮ್ಮೆ ಅಳೆಯುವವರು ಎರಡೂ ಸಲ ಒಂದೇ ವಿಧಾನ ಹಾಕಿ. ಮೊದಲ ಸಲ ನೋವಿಗೆ ಕಾಲಾಡಿಸಲಾಗದೆ ಸೂತ್ರ ಬಳಸಿ, ವಾಸಿಯಾದ ಮೇಲೆ ಗೋಳಕ್ಕೆ ಬದಲಾಯಿಸಿದರೆ, ವಿಧಾನದ ವ್ಯತ್ಯಾಸವೇ ಚಿಕಿತ್ಸೆಯ ಫಲ ಅಂತ ಕಾಣಿಸಬಹುದು. ಎರಡನೇ ಸಲ ಎರಡೂ ಲೆಕ್ಕ ಹಾಕಿ ಇಟ್ಟುಕೊಳ್ಳಿ, ಹೋಲಿಕೆಗೆ ಮಾತ್ರ ಸೂತ್ರದ್ದನ್ನೇ ಬಳಸಿ. ಕ್ಯಾಲಿಪರ್‌ನ ಅಗಲವನ್ನು ಫೈಲಿನಲ್ಲಿ ಬರೆದಿಡಿ. ಆರು ತಿಂಗಳಲ್ಲಿ ತೂಕ ಬದಲಾಗುತ್ತದೆ, ಮೂಳೆಯ ಅಗಲ ಬದಲಾಗುವುದಿಲ್ಲ.